ಗಾರ್ಡನ್ ಇಳಿಜಾರಿಗೆ ಇನ್ನೊಂದು ಲೋಡ್ ಕಲ್ಲು ಬೇಡ

ಮೂಲೆ ಮನೆ, 3ನೇ ಕ್ರಾಸ್:
ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆ ಮುಂಗಾರಿಗೆ ಮೊದಲಿನ ಅಡ್ಡ ಮಳೆಗೆ ನಮ್ಮೆಲ್ಲರ ಗಾರ್ಡನ್ ಇಳಿಜಾರಿನ ಬಿಳಿ ಕಲ್ಲೆಲ್ಲ ರಸ್ತೆಗೆ ಬಂದಿದೆ. ಗಟಾರದ ಜಾಳಿಯ ಸಂದಿ ಸಂದಿಯಲ್ಲೂ ಕಲ್ಲು ಸಿಕ್ಕಿಕೊಂಡು, ಮೇಲೆ ಕೆಂಪು ಮಣ್ಣು ಕೂತಿದೆ. ನೀರೆಲ್ಲ ರಸ್ತೆ ಮೇಲೇ ಹರಿಯಿತು. ತಿರುವಿನಲ್ಲಿ ಗಾಡಿ ಜಾರುತ್ತವೆ, ದಯವಿಟ್ಟು ನಿಧಾನ ಬನ್ನಿ. ಗುತ್ತಿಗೆದಾರರು ಬರುವ ವಾರ ಇನ್ನೊಂದು ಲೋಡ್ ತಂದು ಸುರಿಯುತ್ತಾರಂತೆ. ಅದನ್ನು ಈಗಲೇ ತಡೆಯಬೇಕು.

ಮನೆ ನಂ. 22:
ಕಾಕಾ, ಕಲ್ಲು ಜಾಸ್ತಿ ಹಾಕಿದರೆ ಭಾರಕ್ಕೆ ನಿಲ್ಲುತ್ತದೆ ಅಲ್ವಾ?

ಮೂಲೆ ಮನೆ:
ಇಲ್ಲ ತಂಗಿ. ಅವು ನುಣುಪಾದ ಗುಂಡು ಕಲ್ಲು, ಒಂದನ್ನೊಂದು ಹಿಡಿಯುವುದಿಲ್ಲ. ದಪ್ಪ ಹಾಕಿದಷ್ಟೂ ಮೇಲಿನವು ಉರುಳುತ್ತವೆ. ಅಡಿಗೆ ಹಾಸಿರುವುದು ಪ್ಲಾಸ್ಟಿಕ್ ತಾಡಪತ್ರಿ. ನೀರು ಮಣ್ಣಿಗೆ ಇಳಿಯದೆ ಅದರ ಮೇಲೇ ಜಾರಿ, ಕಲ್ಲನ್ನು ತಳ್ಳಿಕೊಂಡು ಬರುತ್ತದೆ. ಬೆಳಿಗ್ಗೆ ಹತ್ತಿ ನೋಡಿದೆ, ಮೇಲ್ಭಾಗದಲ್ಲಿ ತಾಡಪತ್ರಿ ಪೂರ್ತಿ ಬರಿದಾಗಿದೆ.

ಮನೆ ನಂ. 31:
ಕಾಕಾ ಹೇಳಿದ್ದು ಸರಿ. ನಾನು ದಾರ, ಟೇಪು, ನೀರಿನ ಲೆವೆಲ್ ಪೈಪು ಹಿಡಿದು ಅಳೆದೆ. ಮೇಲ್ಭಾಗ 10 ಅಡಿಗೆ 4 ಅಡಿ ಇಳಿಯುತ್ತದೆ. ಕೆಳಭಾಗ 10 ಅಡಿಗೆ 1 ಅಡಿ ಅಷ್ಟೇ. ಕೆಳಗೆ ಕಲ್ಲು ನಿಲ್ಲುತ್ತದೆ, ಆದರೆ ಒಡೆದ ಖಡಿ ಬೇಕು, 20 ಎಂಎಂ. ಮೊನೆ ಇರುವ ಕಲ್ಲು ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ತಾಡಪತ್ರಿ ಕಿತ್ತು ನೀರು ಇಳಿಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಬೇಕು, ಕೆಳ ಅಂಚಿಗೆ ಕಲ್ಲು ಹುಗಿದು ತಡೆ ಕಟ್ಟಬೇಕು. ಅಲ್ಲಿನ ಜಾಗ ಸುಮಾರು 600 ಚದರ ಅಡಿ. 2 ಇಂಚು ದಪ್ಪಕ್ಕೆ 100 ಘನ ಅಡಿ, ಅಂದರೆ ಒಂದೇ ಬ್ರಾಸ್ ಸಾಕು. ಮೇಲ್ಭಾಗಕ್ಕೆ ಮಾತ್ರ ಕಲ್ಲು ಬೇಡವೇ ಬೇಡ.

ಮನೆ ನಂ. 9:
ಸುಮ್ನೆ ಬಯಲು ಬಿಟ್ಟರೆ ಮಣ್ಣು ಬರುತ್ತದಲ್ಲ ಅಣ್ಣ?

ಮನೆ ನಂ. 31:
ಬಯಲು ಬಿಡುವುದಿಲ್ಲ ವಹಿನಿ. ಇಳಿಜಾರಿಗೆ ಅಡ್ಡಲಾಗಿ ಲಾವಂಚದ ಹುಲ್ಲು ಹಚ್ಚೋಣ, ಸಸಿಗೆ ಸಸಿಗೆ ಅರ್ಧ ಅಡಿಗಿಂತ ಕಡಿಮೆ ಅಂತರ. ಅದರ ಬೇರು 6 ಅಡಿಗಿಂತ ಆಳಕ್ಕೆ ನೆಟ್ಟಗೆ ಇಳಿಯುತ್ತದೆ. ಬುಡದಲ್ಲಿ ಮಣ್ಣು ತಡೆದು ತಾನೇ ಮೆಟ್ಟಿಲು ಕಟ್ಟಿಕೊಳ್ಳುತ್ತದೆ. ನಡುವೆ ಗರಿಕೆ ಹುಲ್ಲು. ಬೇರು ಹಿಡಿಯುವ ತನಕ ಗೋಣಿತಟ್ಟು ಹೊದಿಸಿ ಗೂಟ ಹೊಡೆಯಬೇಕು. ಮಿರ್ಗದ (ಮೃಗಶಿರಾ) ಮಳೆ ಜೂನ್ 7-8ಕ್ಕೆ ಶುರು, ಅಷ್ಟರೊಳಗೆ ಹಚ್ಚಿದರೆ ನೀರು ಹಾಕುವ ಕೆಲಸವೂ ಕಡಿಮೆ. ಜುಲೈ ತಿಂಗಳ ಬೆಳಗಾವಿ ಮಳೆ ನಿಮಗೆಲ್ಲ ಗೊತ್ತೇ ಇದೆ.

ಮನೆ ನಂ. 15:
ನನಗೇನೋ ಬಿಳಿ ಕಲ್ಲೇ ಚಂದ ಅನಿಸುತ್ತದೆ. ಗಾರ್ಡನ್‌ಗೆ ಒಂದು ಅಂದ ಬಂದಿತ್ತು.

ಮೂಲೆ ಮನೆ:
ಖರೆ ಅದ ರೀ, ಚಂದ ಇತ್ತು. ರಸ್ತೆಗೆ ಬಂದ ಕಲ್ಲನ್ನು ಎಸೆಯುವುದು ಬೇಡ. ತೊಳೆದು ಬೆಂಚಿನ ಸುತ್ತ, ಸಮತಟ್ಟು ಇರುವ ಕಡೆ ಹಾಕೋಣ. ಅಲ್ಲಿ ಎಲ್ಲಿಗೂ ಹೋಗುವುದಿಲ್ಲ.

ಮನೆ ನಂ. 22:
ಹಾಗಾದರೆ ಅರ್ಜಿ ನಾನು ಬರೆಯುತ್ತೇನೆ. ಅಳತೆ, ಫೋಟೋ ಎರಡೂ ಸೇರಿಸುತ್ತೇನೆ. ಹೊಸ ಲೋಡ್ ಇಳಿಸಬೇಡಿ, ಅದೇ ದುಡ್ಡಿನಲ್ಲಿ ಖಡಿ, ಜಿಯೋಟೆಕ್ಸ್‌ಟೈಲ್, ಸಸಿ ಕೊಡಿ ಅಂತ ಕೇಳೋಣ. ಶನಿವಾರ ಸಂಜೆ ಮನೆ ಮನೆಗೆ ಸಹಿಗೆ ಬರುತ್ತೇನೆ.

ಮೂಲೆ ಮನೆ:
ಭಾಳ ಛಲೋ ತಂಗಿ. ರವಿವಾರ ಬೆಳಿಗ್ಗೆ 7ಕ್ಕೆ ಗಟಾರದ ಹತ್ತಿರ ಸೇರೋಣ. ಮೊದಲು ಜಾಳಿ ಬಿಡಿಸಬೇಕು. ಸಲಿಕೆ ಇದ್ದವರು ತನ್ನಿ.

ಮನೆ ನಂ. 9:
ನಮ್ಮಲ್ಲಿ ಎರಡು ಸಲಿಕೆ, ನಾಲ್ಕು ಬುಟ್ಟಿ ಇವೆ. ಚಹಾನೂ ನಮ್ಮ ಮನೆಯಿಂದಲೇ.