ಅಜ್ಜನ ಪ್ಲೇಟುಗಳ ಕವರಿಗೆ ಸೆಲ್ಲೋಟೇಪ್ ಬೇಡ

ಮಗಳೇ, ನಿನ್ನೆ ರಾತ್ರಿ ನೀನು ಗ್ರೂಪಿಗೆ ಹಾಕಿದ ಫೋಟೋಗಳನ್ನು ನೋಡಿದೆ. ಕಾಸರಗೋಡಿನ ನೀರ್ಚಾಲು ಮನೆಯ ಅಟ್ಟದಿಂದ ಅಜ್ಜನ ಗ್ರಾಮಫೋನ್ ಪ್ಲೇಟಿನ ಪೆಟ್ಟಿಗೆ ಇಳಿಸಿದ್ದೀರಿ. ಕವರ್‌ಗಳ ಅಂಚು ಬಿಟ್ಟಿದೆ, ಬೂಸ್ಟು ಹಿಡಿದಿದೆ. ಸೆಲ್ಲೋಟೇಪ್ ಹಾಕಿ ಲ್ಯಾಮಿನೇಶನ್ ಮಾಡಿಸಲಾ ಅಂತ ಕೇಳಿದ್ದೀಯ. ಕೆಳಗೆ ದೊಡ್ಡಮ್ಮ ನುಸಿಗುಳಿಗೆ ಹಾಕು ಅಂದಿದ್ದಾರೆ, ಪೆರ್ಲದ ಭಾವ ಬಿಸಿಲಿಗಿಡು ಅಂದಿದ್ದಾರೆ. ಉತ್ತರ ಸ್ವಲ್ಪ ಉದ್ದ ಆಗುತ್ತದೆ, ತರಕಾರಿ ಹೆಚ್ಚುತ್ತಾ ಕೇಳಿಸಿಕೊಳ್ಳಿ.

ಮೊದಲು ಸೆಲ್ಲೋಟೇಪ್. ದಯವಿಟ್ಟು ಬೇಡ. ಲೈಬ್ರರಿಯಲ್ಲಿ ಬೈಂಡಿಂಗ್ ಕೆಲಸ ನೋಡಿಕೊಂಡವನು ನಾನು, ಅದರ ಹಣೆಬರಹ ಗೊತ್ತು. ಕೆಲವು ವರ್ಷ ಹೋದಾಗ ಅದರ ಅಂಟು ಹಳದಿಯಾಗಿ, ಆಮೇಲೆ ಕಂದಾಗಿ ಕಾಗದದೊಳಗೆ ಇಳಿಯುತ್ತದೆ. ಮೇಲಿನ ಪ್ಲಾಸ್ಟಿಕ್ ತಾನಾಗಿ ಉದುರುತ್ತದೆ, ಕಲೆ ಮಾತ್ರ ಉಳಿಯುತ್ತದೆ. ಲ್ಯಾಮಿನೇಶನ್ ಅಂತೂ ಅದಕ್ಕಿಂತ ಕಷ್ಟ. ಕವರ್ ಅಂದರೆ ಲಕೋಟೆ ಅಲ್ವಾ? ಅದನ್ನು ಸೀಳಿ ಬಿಡಿಸದೆ ಮೆಷಿನ್‌ಗೆ ಕೊಡಲು ಆಗುವುದಿಲ್ಲ. ಬಿಸಿಗೆ ಅಂಟಿದ ಪ್ಲಾಸ್ಟಿಕ್ ಮತ್ತೆ ಬಿಡಿಸಲೂ ಬರುವುದಿಲ್ಲ. ನಾಳೆ ಬೇಡ ಅನಿಸಿದರೆ ಬಿಚ್ಚಲು ಬರಬೇಕು, ಅಂಥ ರಿಪೇರಿ ಮಾತ್ರ ಮಾಡೋಣ.

ಕವರಿನ ಬಗ್ಗೆ ಯಾಕಿಷ್ಟು ತಲೆಬಿಸಿ ಅಂತ ಭಾವ ಕೇಳಬಹುದು. ಹಳೆಯ 78 ಸ್ಪೀಡಿನ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟಿಗೆ ಹೆಚ್ಚಾಗಿ ನಡುವೆ ತೂತು ಇರುವ ಕಾಗದದ ಚೀಲ ಅಷ್ಟೇ ಇರುತ್ತಿತ್ತು. ಕವರಿಗೆ ಚಿತ್ರ ಬರೆಸುವ ಪದ್ಧತಿ ಅಮೆರಿಕದಲ್ಲಿ 1940ರ ಸುಮಾರಿಗೆ ಕೊಲಂಬಿಯಾ ಕಂಪನಿಯಲ್ಲಿ ಶುರುವಾಯಿತು, ಅಲೆಕ್ಸ್ ಸ್ಟೈನ್‌ವೈಸ್ ಎಂಬ ಕಲಾವಿದನಿಂದ. ಉದ್ದಕ್ಕೆ ಓಡುವ ಎಲ್‌ಪಿ ಪ್ಲೇಟು ಅದೇ ಕಂಪನಿ 1948ರಲ್ಲಿ ತಂದದ್ದು. ಆಮೇಲೆ ಕವರ್ ಹಿಂಬದಿಯಲ್ಲಿ ಬರೆಯಲಿಕ್ಕೂ ಜಾಗ ಸಿಕ್ಕಿತು. ಪ್ಲೇಟಿನ ನಡುವಿನ ಪುಟ್ಟ ಲೇಬಲ್‌ನಲ್ಲಿ ಎಷ್ಟು ಹಿಡಿಸುತ್ತದೆ ಹೇಳು? ಎಷ್ಟೋ ಪ್ಲೇಟುಗಳಲ್ಲಿ ಮದ್ದಳೆ ಯಾರದು, ಚೆಂಡೆ ಯಾರದು, ಯಾವ ರಾಗ ಅನ್ನುವುದು ಗೊತ್ತಾಗುವುದೇ ಹಿಂಬದಿಯಿಂದ. ನಿನ್ನ ಮೂರನೇ ಫೋಟೋದಲ್ಲಿ ಮೂಲೆಗೆ ಅಂಗಡಿಯ ಸೀಲು ಇದೆ, ಪಕ್ಕದಲ್ಲಿ ಅಜ್ಜ ಪೆನ್ನಿನಲ್ಲಿ ಬರೆದದ್ದೂ ಇದೆ. ಅದನ್ನು ಗಲೀಜು ಅಂತ ಉಜ್ಜಬೇಡ.

ಭಾವನ ಬಿಸಿಲಿನ ಸಲಹೆ ಕವರಿಗೂ ಆಗದು, ಪ್ಲೇಟಿಗೂ ಆಗದು. ಬಣ್ಣ ಮಾಸುತ್ತದೆ, ಪ್ಲೇಟು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಪ್ಲೇಟುಗಳನ್ನು ಹೊರಗೆ ತೆಗೆದು ಬೇರೆ ನಿಲ್ಲಿಸು. ಖಾಲಿ ಕವರ್‌ಗಳನ್ನು ನೆರಳಲ್ಲಿ, ಫ್ಯಾನ್ ಗಾಳಿಗೆ ಪೂರ್ತಿ ಒಣಗಲು ಬಿಡು. ಬೂಸ್ಟು ಒಣಗಿ ಹುಡಿ ಆದ ಮೇಲೆ ಜಗಲಿಗೆ ಒಯ್ದು, ಮಾಸ್ಕ್ ಹಾಕಿ, ಮೆತ್ತನೆಯ ಬ್ರಷ್‌ನಲ್ಲಿ ಹೊರಗಡೆಗೆ ಗುಡಿಸು. ಒದ್ದೆ ಬಟ್ಟೆ ಮುಟ್ಟಿಸಿದರೆ ಬೂಸ್ಟು ಕಾಗದದೊಳಗೆ ಹೋಗಿ ಕೂರುತ್ತದೆ. ಹೊಳೆಯುವ ಮೇಲ್ಮೈ ಇರುವ ಕವರ್ ಆದರೆ ಕೊನೆಗೊಮ್ಮೆ ಹಿಂಡಿದ ಬಟ್ಟೆಯಿಂದ ಒರೆಸಬಹುದು, ಬರೀ ಕಾಗದದ್ದನ್ನು ಒರೆಸಬಾರದು. ಹಾಂ, ಪೆಟ್ಟಿಗೆಯಲ್ಲಿ 78ರ ಪ್ಲೇಟಿದ್ದರೆ ಅದಕ್ಕೆ ಸ್ಪಿರಿಟ್ ಮುಟ್ಟಿಸಲೇಬೇಡ. ಅದು ಅರಗಿನದ್ದು, ಸ್ಪಿರಿಟ್‌ಗೆ ಕರಗುತ್ತದೆ.

ಈಗ ಅಂಟು. ಫೆವಿಕಾಲ್ ಒಣಗಿದರೆ ಗಟ್ಟಿ, ಮತ್ತೆ ಬಿಡಿಸಲು ಹೋದರೆ ಕಾಗದವೇ ಕಿತ್ತು ಬರುತ್ತದೆ. ಮೈದಾ ಗೋಂದು ಪೋಸ್ಟರ್ ಹಚ್ಚುವುದಕ್ಕೆ ಸರಿ, ಇಲ್ಲಿ ಹುಳಕ್ಕೆ ಊಟ ಹಾಕಿದ ಹಾಗಾಗುತ್ತದೆ. ಹಳೆಯ ಕಾಗದ ರಿಪೇರಿ ಮಾಡುವವರು ಬಳಸುವುದು ಗೋಧಿಯ ಪಿಷ್ಟ. ದೊಡ್ಡಮ್ಮನಿಗೆ ಇದು ಚೆನ್ನಾಗಿ ಗೊತ್ತು. ಹಲ್ವಕ್ಕೆ ಗೋಧಿ ನೆನೆಸಿ, ಅರೆದು, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆಯುತ್ತೀರಲ್ಲ, ಅದೇ. ಹಾಲು ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಚೆಲ್ಲಿ, ಹೊಸ ನೀರು ಹಾಕಿ, ಮತ್ತೆ ತಿಳಿ ಚೆಲ್ಲಬೇಕು. ಹಾಗೆ ತೊಳೆದರೆ ಬೇಡದ್ದೆಲ್ಲ ಹೋಗಿ ಬಿಳಿ ಪಿಷ್ಟ ಉಳಿಯುತ್ತದೆ. ಒಣಗಿಸಿದ ಹುಡಿ ಒಂದು ಚಮಚಕ್ಕೆ ನೀರು ಐದು ಚಮಚ. ಸಣ್ಣ ಉರಿಯಲ್ಲಿ ಕೈಬಿಡದೆ ಮಗುಚುತ್ತಾ ಇರು. ಹಾಲುಬಿಳಿ ಹೋಗಿ ಪಾರದರ್ಶಕವಾದಾಗ ಇಳಿಸು. ತಣಿದ ಮೇಲೆ ಜಾಲರಿಯಲ್ಲಿ ಸೋಸಿ, ಬ್ರಷ್‌ಗೆ ಹದವಾಗುವಷ್ಟು ನೀರು ಕೂಡಿಸು. ಉಪ್ಪು, ಸಕ್ಕರೆ ಏನೂ ಬೇಡ, ತುಪ್ಪವಂತೂ ಬೇಡ ದೊಡ್ಡಮ್ಮಾ! ಫ್ರಿಜ್‌ನಲ್ಲಿಟ್ಟರೂ ಕೆಲವೇ ದಿನ ಬಾಳುತ್ತದೆ, ಸ್ವಲ್ಪವೇ ಮಾಡು.

ಕಾಗದ ಜಪಾನಿ ಟಿಶ್ಯೂ ಆಗಬೇಕು, ಕೋಝೋ ಎಂಬ ಗಿಡದ ನಾರಿನದ್ದು. ಆನ್‌ಲೈನಲ್ಲಿ ಸಿಗುತ್ತದೆ. ನೋಡಲು ತೆಳು, ಆದರೆ ನಾರು ಉದ್ದ, ಸುಲಭಕ್ಕೆ ಹರಿಯುವುದಿಲ್ಲ. ಎರಡು ಸೆಂಟಿಮೀಟರ್ ಅಗಲದ ಪಟ್ಟಿ ಬೇಕು. ಕತ್ತರಿಯಲ್ಲಿ ಕತ್ತರಿಸಬೇಡ. ಒದ್ದೆ ಬ್ರಷ್‌ನಿಂದ ಗೆರೆ ಎಳೆದು ಆ ಗೆರೆಯಲ್ಲೇ ಮೆಲ್ಲಗೆ ಹರಿ. ಅಂಚಿನಲ್ಲಿ ನಾರು ಬಿಚ್ಚಿಕೊಂಡು ನಿಂತರೆ ಕವರಿಗೆ ಹಿಡಿದಾಗ ಗೆರೆ ಕಾಣುವುದಿಲ್ಲ.

ಅಡಿ ಅಂಚು ಬಿಟ್ಟದ್ದೇ ಜಾಸ್ತಿ, ಪ್ಲೇಟಿನ ಭಾರ ಬೀಳುವುದು ಅಲ್ಲಿಗೆ. ಅದಕ್ಕೆ ಒಳಗಿನಿಂದ ಪಟ್ಟಿ ಹಾಕೋಣ. ಪಟ್ಟಿಯನ್ನು ಉದ್ದಕ್ಕೆ ಮಡಚಿ, ಅಂಟು ತೆಳ್ಳಗೆ ಹಚ್ಚಿ, ಸ್ಕೇಲಿನ ತುದಿಯಲ್ಲಿ ಒಳಗೆ ನೂಕಿ ಮೂಲೆಗೆ ಕೂರಿಸಬೇಕು. ನಡುವೆ ಬಟರ್ ಪೇಪರ್ ತೂರಿಸಲು ಮರೆಯಬೇಡ, ಇಲ್ಲದಿದ್ದರೆ ಎರಡು ಹಾಳೆಯೂ ಒಂದಕ್ಕೊಂದು ಅಂಟಿ ಲಕೋಟೆಯೇ ಮುಚ್ಚಿಹೋಗುತ್ತದೆ. ಮೇಲೆ ಹಲಗೆ, ಹಲಗೆಯ ಮೇಲೆ ಭಾರ, ಒಂದು ರಾತ್ರಿ. ಉಬ್ಬಿ ಪದರ ಬಿಟ್ಟ ಮೂಲೆಗಳಿಗೆ ಸೂಜಿಯ ತುದಿಯಲ್ಲಿ ಅಂಟು ಬಿಟ್ಟು ಒತ್ತಿದರೆ ಸಾಕು. ಬಿಳಿಚಿದ ಕಡೆಗೆ ಸ್ಕೆಚ್ ಪೆನ್ ತಾಗಿಸಲೇಬೇಡ. ಅಜ್ಜ ಹಚ್ಚಿದ ಹಳೆಯ ಟೇಪ್ ಸುಲಭಕ್ಕೆ ಬಾರದಿದ್ದರೆ ಹಾಗೇ ಇರಲಿ. ಎಳೆದರೆ ಮುದ್ರಣವೂ ಜೊತೆಗೆ ಬರುತ್ತದೆ.

ದೊಡ್ಡಮ್ಮನ ನುಸಿಗುಳಿಗೆಯ ಹಬೆ ಕೆಲವು ಪ್ಲಾಸ್ಟಿಕ್‌ಗಳನ್ನು ಮೆತ್ತಗೆ ಮಾಡುತ್ತದೆ, ನಮ್ಮ ಮೂಗಿಗೂ ಒಳ್ಳೆಯದಲ್ಲ. ಒರಲೆಗಂತೂ ಅದು ಉತ್ತರವೇ ಅಲ್ಲ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಇಲ್ಲಿ ನೋಡಿಕೊಳ್ಳಬೇಕಾದದ್ದು ತೇವ. ಪೆಟ್ಟಿಗೆ ಅಟ್ಟಕ್ಕೆ ವಾಪಸ್ ಹೋಗುವುದು ಬೇಡ. ಹೊರಗೋಡೆಗೆ ತಾಗದ, ನೆಲದಿಂದ ಎತ್ತರದ ಕಪಾಟಿನಲ್ಲಿ ಪ್ಲೇಟುಗಳನ್ನು ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ. ಒಂದರ ಮೇಲೊಂದು ಪೇರಿಸಿ ಇಟ್ಟದ್ದರಿಂದಲೇ ಕವರಿನ ಮುಖದ ಮೇಲೆ ಆ ದುಂಡಗಿನ ಸವೆದ ಗೆರೆ ಬಿದ್ದಿರುವುದು. ಹೊರಗಿಂದ ಪಾಲಿಪ್ರೊಪಿಲೀನ್ ಚೀಲ ಹಾಕು, ಬಾಯಿ ತೆರೆದಿರಲಿ. ವಾಸನೆ ಬರುವ ಮೆತ್ತನೆಯ ಪಿವಿಸಿ ಬೇಡ, ಅದರ ಎಣ್ಣೆ ಪ್ಲೇಟಿಗೆ ಇಳಿದು ಮಬ್ಬು ಹಿಡಿಸುತ್ತದೆ. ಮಳೆಗಾಲದಲ್ಲಿ ತೇವ ಹೀರಿ ಬಣ್ಣ ಬದಲಿಸುವ ಬಗೆಯ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಬಣ್ಣ ಬದಲಾದಾಗ ಒಣಗಿಸಿ ಮತ್ತೆ ಇಡು.

ಸದ್ಯಕ್ಕೆ ಎಲ್ಲ ಕವರ್‌ಗಳ ಎರಡೂ ಬದಿ ಫೋಟೋ ತೆಗೆದು ಗ್ರೂಪಿಗೆ ಹಾಕು. ಭಾನುವಾರ ನಾನು ಬರುತ್ತೇನೆ, ಟಿಶ್ಯೂ ನನ್ನ ಹತ್ತಿರ ಸ್ವಲ್ಪ ಇದೆ. ಶನಿವಾರಕ್ಕೆ ಗೋಧಿ ಹಾಲು ತೊಳೆದು ಕೂತಿರಲಿ, ಬದಿಯಡ್ಕದಿಂದ ಬಟರ್ ಪೇಪರ್ ತರಿಸಿಡು. ಪೂರ್ತಿ ಎರಡು ತುಂಡಾದ ಆ ನೀಲಿ ಕವರನ್ನು ಮಾತ್ರ ನಾನು ಬರುವವರೆಗೆ ಯಾರೂ ಮುಟ್ಟಬೇಡಿ.