ಮೈಕ್ ಹಿಡಿಯುವ ಮೊದಲು ಗಂಟಲು ತಯಾರು ಮಾಡೋದು ಹೇಗೆ?

ಪ್ರಶ್ನೆ: ಮೇಡಂ, ನಾನು ಹೈಸ್ಕೂಲ್ ಟೀಚರ್. ನವೆಂಬರ್ 1ಕ್ಕೆ ನಮ್ಮೂರಿನ ರಾಜ್ಯೋತ್ಸವದ ನಿರೂಪಣೆ ನನ್ನದೇ. ಹೋದ ವರ್ಷ ಸ್ವಾಗತ ಹೇಳುವಾಗಲೇ ಗಂಟಲು ಕಟ್ಟಿತು, ವಂದನಾರ್ಪಣೆ ಹೊತ್ತಿಗೆ ಸ್ವರವೇ ಬಿದ್ದುಹೋಗಿತ್ತು. ಬಿಸಿನೀರು, ಶುಂಠಿ, ಜೇನುತುಪ್ಪ ಎಲ್ಲ ಆಯ್ತು. ಆ ದಿನ ಬೆಳಿಗ್ಗೆ ಎದ್ದು ಪೂರ್ತಿ ಸ್ಕ್ರಿಪ್ಟ್ ಎರಡು ಸಲ ಜೋರಾಗಿ ಓದಿಕೊಂಡೂ ಹೋಗಿದ್ದೆ.

ಉತ್ತರ (ಸ್ಪೀಚ್ ಥೆರಪಿಸ್ಟ್): ಆ ಜೋರು ಓದನ್ನು ಮೊದಲು ಬಿಡಿ ಟೀಚರ್. ಹೆಂಗಸರು ಮಾತಾಡುವಾಗ ಗಂಟಲೊಳಗಿನ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ತಾಗುತ್ತವೆ. ಎದ್ದ ತಕ್ಷಣ ಜೋರಾಗಿ ಓದಿದರೆ ಸಭೆ ಶುರುವಾಗುವ ಮೊದಲೇ ಅವಕ್ಕೆ ಸುಸ್ತು.

ಅರ್ಧ ಲೋಟ ನೀರು, ಒಂದು ಸ್ಟ್ರಾ ತಗೊಳ್ಳಿ. ಸ್ಟ್ರಾ ತುದಿ ಎರಡು ಬೆರಳಿನಷ್ಟು ಮಾತ್ರ ಮುಳುಗಲಿ. ಈಗ ಅದರೊಳಗೆ 'ಊ' ಅನ್ನಿ, ಮೆತ್ತಗೆ, ಗುಳುಗುಳು ಅಂತ ಗುಳ್ಳೆ ಬರಬೇಕು, ಕೆನ್ನೆ ಬಿಗಿ ಮಾಡಬೇಡಿ. ಸ್ವರವನ್ನು ಕೆಳಗಿಂದ ಮೇಲಕ್ಕೆ, ಮೇಲಿಂದ ಕೆಳಕ್ಕೆ ಜಾರಿಸಿ. ಬಾಯಿ ಕಡೆ ಗಾಳಿಗೆ ತಡೆ ಇರುವುದರಿಂದ ಒತ್ತಡ ಸ್ವಲ್ಪ ಹಿಂದಕ್ಕೆ ಬರುತ್ತದೆ, ತಂತುಗಳು ಜೋರಾಗಿ ಬಡಿದುಕೊಳ್ಳದೆ ಹಗುರವಾಗಿ ತಾಗುತ್ತವೆ. ಸ್ಟ್ರಾ ಇಲ್ಲದಿದ್ದರೆ ಮಕ್ಕಳು ಬಸ್ಸಾಟ ಆಡುವಾಗ ತುಟಿಯಲ್ಲಿ ಬ್ರ್‌ರ್‌ರ್ ಅಂತಾರಲ್ಲ, ಅದೇ ಸಾಕು. ಆಮೇಲೆ ಬಾಯಿ ಮುಚ್ಚಿ 'ಮ್ಮ್', ಮೂಗು-ತುಟಿ ಸುತ್ತ ಜುಮ್ಮೆನ್ನುವವರೆಗೆ. ಕೊನೆಗೆ ನಾಲಿಗೆಗೆ 'ತರೀಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ', ನಿಧಾನವಾಗಿ ಶುರು ಮಾಡಿ. ಎಲ್ಲ ಸೇರಿ ಹತ್ತು ನಿಮಿಷ, ಅಷ್ಟೇ.

ಇನ್ನು ನೀರು. ಕುಡಿದ ನೀರು ಅನ್ನನಾಳಕ್ಕೆ ಹೋಗುತ್ತದೆ, ಧ್ವನಿತಂತುಗಳನ್ನು ಮುಟ್ಟೋದೇ ಇಲ್ಲ (ಮುಟ್ಟಿದರೆ ಕೆಮ್ಮಿ ಕೆಮ್ಮಿ ಸಾಕಾಗುತ್ತೆ!). ಹಾಗಾಗಿ ವೇದಿಕೆ ಹತ್ತುವಾಗ ಒಂದು ಬಾಟಲಿ ಸುರಿದುಕೊಂಡರೆ ಪ್ರಯೋಜನವಿಲ್ಲ, ಹಿಂದಿನ ದಿನದಿಂದಲೇ ಕುಡೀತಾ ಇರಿ. ಶುಂಠಿ, ಜೇನು ಹಿತ ಅನ್ನಿಸಿದರೆ ತಗೊಳ್ಳಿ, ತಪ್ಪೇನಿಲ್ಲ.

ಇನ್ನೊಬ್ಬರು: ನನಗೆ ಭಾಷಣಕ್ಕೆ ಮುಂಚೆ ಕ್ಯಾಕರಿಸಿದರೇ ಗಂಟಲು ಬಿಡೋದು. ಅದೂ ತಪ್ಪಾ? ಹಿಂದಿನ ದಿನ ಪಿಸುಪಿಸು ಮಾತಾಡಿ ಸ್ವರ ಉಳಿಸ್ಕೋತೀನಿ.

ಉತ್ತರ: ಎರಡೂ ಬೇಡ ಸರ್. ಕ್ಯಾಕರಿಸಿದಾಗ ತಂತುಗಳು ಒಂದಕ್ಕೊಂದು ಉಜ್ಜಿಕೊಳ್ಳುತ್ತವೆ, ಕೆರಳಿದ ಜಾಗಕ್ಕೆ ಮತ್ತೆ ಕಫ ಕಟ್ಟುತ್ತದೆ, ಮತ್ತೆ ಕ್ಯಾಕರಿಸಬೇಕು ಅನ್ನಿಸುತ್ತದೆ. ಒಂದು ಗುಟುಕು ನೀರು ನುಂಗಿ ನೋಡಿ. ಒತ್ತಿ ಒತ್ತಿ ಪಿಸುಗುಟ್ಟಿದರೂ ಗಂಟಲು ಬಿಗಿಯುತ್ತದೆ. ಅದಕ್ಕಿಂತ ಸುಮ್ನೆ ಇರೋದು ವಾಸಿ.

ಪ್ರಶ್ನೆ ಕೇಳಿದವರು: ಗುಳ್ಳೆ ಬಿಟ್ಟೆ ಮೇಡಂ! ಸ್ವರ ಹಗುರ ಅನ್ನಿಸ್ತು. ಮಗ ಮಾತ್ರ ಅಮ್ಮನಿಗೆ ಏನೋ ಆಗಿದೆ ಅಂತ ನಗ್ತಿದ್ದಾನೆ. ಆದರೆ ಕ್ಲಾಸ್ ಮುಗಿಸಿ ಬಂದರೆ ದಿನಾ ಸಂಜೆ ಗಂಟಲು ಕರಕರ ಅನ್ನುತ್ತೆ, ಎರಡು ತಿಂಗಳಾಯ್ತು.

ಉತ್ತರ: ಅಯ್ಯೋ, ಇದನ್ನ ಮೊದಲೇ ಹೇಳಬಾರದಿತ್ತಾ? ಮೂರು ವಾರ ದಾಟಿದರೆ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ ತಂತುಗಳನ್ನು ನೋಡಿಸಲೇಬೇಕು. ಟೀಚರುಗಳಿಗೆ ಅಲ್ಲಿ ಸಣ್ಣ ಗಂಟು ಆಗಿರೋದು ಅಪರೂಪವಲ್ಲ. ಮೈಸೂರು ಹತ್ತಿರವಾದರೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೂ ಹೋಗಬಹುದು. ನವೆಂಬರ್‌ವರೆಗೆ ಕಾಯಬೇಡಿ, ಈ ವಾರವೇ ಹೋಗಿ.