ಅಪ್‌ಡೇಟ್: ರಸಬಾಳೆ ಕೊನೆಗೂ ಹಣ್ಣಾಯಿತು

ಹೋದ ತಿಂಗಳು ಇಲ್ಲಿ ನಿಮ್ಮನ್ನು ಕೇಳಿದ್ದೆ: ಅಂಗಡಿಯೊಂದರ ಲೇಬಲ್‌ಗಾಗಿ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಬರೆದ ನಂಜನಗೂಡು ರಸಬಾಳೆ ಏಕೆ ಪ್ಲಾಸ್ಟಿಕ್‌ನಂತೆ ಕಾಣುತ್ತದೆ? ಮೆಷ್ ಗ್ರೇಡಿಯಂಟ್ (ಬಲೆಯಂಥ ಗೆರೆಗಳ ಗಂಟುಗಳಿಗೆ ಬೇರೆ ಬೇರೆ ಬಣ್ಣ ಕೊಟ್ಟು ಬೆರೆಸುವ ವಿಧಾನ) ಬಳಸಿ, ಎದುರಿಗೆ ನಿಜವಾದ ಹಣ್ಣು ಇಟ್ಟುಕೊಳ್ಳಿ ಎಂದಿರಿ. ಎರಡೂ ಸರಿ.

ಮೈಸೂರಿನ ದೇವರಾಜ ಮಾರುಕಟ್ಟೆಯಿಂದ ಅರ್ಧ ಚಿಪ್ಪು ತಂದು ಕಿಟಕಿಯ ಬಳಿ ಇಟ್ಟೆ. (ಎರಡನೆಯ ದಿನಕ್ಕೆ ಮೂರೇ ಉಳಿದಿದ್ದವು. ಮಿಕ್ಕವು ಮನೆಯವರ ಹೊಟ್ಟೆ ಸೇರಿದ್ದವು.) ಆಗಲೇ ತಪ್ಪು ಹೊಳೆದದ್ದು. ಬಾಳೆಹಣ್ಣು ಕೊಳವೆಯಲ್ಲ, ಅದಕ್ಕೆ ಏಣುಗಳಿವೆ. ನಾನು ಇಡೀ ಹಣ್ಣಿಗೆ ಒಂದೇ ನೇರ ಗ್ರೇಡಿಯಂಟ್ (ಒಂದೇ ದಿಕ್ಕಿಗೆ ಮೆಲ್ಲಗೆ ಬದಲಾಗುವ ಬಣ್ಣ) ಹಾಕಿದ್ದೆ, ಅದು ಹಣ್ಣಿನ ಬಾಗಿನ ಜೊತೆ ಬಾಗುವುದಿಲ್ಲ. ಈಗ ಎರಡು ಏಣುಗಳ ನಡುವಿನ ಪ್ರತಿ ಮುಖಕ್ಕೂ ಬೇರೆ ಆಕಾರ, ಬೇರೆ ಮೆಷ್. ನೆರಳಿಗೆ ಕಪ್ಪಿನ ಬದಲು ಹಸಿರು ಬೆರೆತ ಕಂದು, ಹೊಳಪಿಗೆ ಬಿಳಿಯ ಬದಲು ತಿಳಿಹಳದಿ. ಸಿಪ್ಪೆಯ ಮೇಲಿನ ಚುಕ್ಕೆಗಳನ್ನು ಮೊದಲು ವೃತ್ತದ ಸಾಧನದಿಂದ ಒತ್ತಿದ್ದೆ, ಸಿಡುಬು ಬಂದಂತಿತ್ತು! ಪೆನ್ಸಿಲ್ ಸಾಧನದಲ್ಲಿ ಅಡ್ಡಾದಿಡ್ಡಿ ಗೀಚಿ, ಕೆಲವಕ್ಕೆ ಮಾತ್ರ ತುಸು ಬ್ಲರ್ (ಮಸುಕು) ಕೊಟ್ಟೆ.

ಒಂದು ಎಡವಟ್ಟೂ ಆಯಿತು. ಎಸ್‌ವಿಜಿ ಕಡತವನ್ನೇ (ಇಂಕ್‌ಸ್ಕೇಪ್ ಉಳಿಸುವ ಮೂಲ ಕಡತ) ಅಂಗಡಿಗೆ ಕಳುಹಿಸಿದೆ. ಅಂಗಡಿಯವರ ಬ್ರೌಸರ್‌ನಲ್ಲಿ ಹಣ್ಣಿನ ಬಣ್ಣವೇ ಮಾಯ. ಬ್ರೌಸರ್‌ಗಳು ಮೆಷ್ ಗ್ರೇಡಿಯಂಟನ್ನು ತಾವಾಗಿ ತೋರಿಸುವುದಿಲ್ಲವಂತೆ. ಮುದ್ರಣದ ಅಳತೆಗೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಇರುವ ಪಿಎನ್‌ಜಿ ಎಂಬ ಸಾದಾ ಚಿತ್ರಕಡತ ಮಾಡಿ ಕಳುಹಿಸಿದ ಮೇಲೆ ಸರಿಹೋಯಿತು.

ಹಳೆಯ ಚಿತ್ರ ನೋಡಿ "ಪಚ್ಚಬಾಳೆಯೇನೋ?" ಎಂದಿದ್ದ ಅಮ್ಮ ಈ ಬಾರಿ "ತೊಟ್ಟು ಸ್ವಲ್ಪ ಉದ್ದವಾಯಿತು" ಎಂದಷ್ಟೇ ಹೇಳಿದರು. ತೊಟ್ಟು ತಿದ್ದುತ್ತಿದ್ದೇನೆ.